ಯಾರ ಕಡೆಯಿಂದ ಬಂದದ್ದು?

ಕಳೆದ ತಿಂಗಳಿನ ಒಂದು ಭಾನುವಾರ. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು, ಯಾವ ಕವಿಯ ಕಾವ್ಯವನ್ನು ಯಾವ ವಿದ್ಯಾರ್ಥಿ ಯಾವ ಕವಿಗೆ ದಾನಮಾಡಿದ್ದಾನೆಂಬುದನ್ನು ಎಣಿಸುತ್ತ ಕುಳಿತಿದ್ದೆ. ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ನೋಡಿದರೆ ಅಕ್ಕ, ಅವಳ ಹಿಂದೆ, ಮನಸ್ಸಿಲ್ಲದೆ ಬಂದವಳಂತೆ, ಅವಳ ಮಗಳು. ಮುಂಚೆ ತಿಳಿಸದೆ ಅಕ್ಕ ಬರುವವಳಲ್ಲ. ನನ್ನ ಹೆಂಡತಿ ಕಾಫಿಗೆ ನೀರಿಡುವ ಮೊದಲೇ ಅಕ್ಕ ಕೈಚೀಲದಿಂದ ಒಂದು ಲಕೋಟೆಯನ್ನು ತೆಗೆದು ಉತ್ತರಪತ್ರಿಕೆಗಳ ಮೇಲೆಯೇ ಇಟ್ಟಳು. ಆಸ್ಪತ್ರೆಯ ಸ್ಕ್ಯಾನಿಂಗ್ ವರದಿ.

"ಇದನ್ನು ಓದಿ ಹೇಳೋ" ಎಂದಳು.

"ಅಕ್ಕಾ, ನಾನು ಓದಿದ್ದು ಪಂಪ ರನ್ನರನ್ನು. ಇದನ್ನು ಓದುವುದಕ್ಕೆ ಡಾಕ್ಟರು ಬೇಕು."

"ಡಾಕ್ಟರು ಓದಿ ಆಯಿತು. ಏನು ಕಾಯಿಲೆ ಅಂತ ಹೇಳಿದರು, ಔಷಧಿಯನ್ನೂ ಬರೆದುಕೊಟ್ಟರು. ಯಾರ ಕಡೆಯಿಂದ ಬಂತು ಅಂತ ಹೇಳಲಿಲ್ಲ. ನನಗೆ ಬೇಕಾದದ್ದು ಅದು."

ವಿಷಯ ಇಷ್ಟು. ಹುಡುಗಿಗೆ ಈಗ ೨೩ ವರ್ಷ. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು, ಮುಖದಲ್ಲಿ ಮೊಡವೆ, ಗದ್ದದ ಕೆಳಗೆ ಒರಟು ಕೂದಲು. ಡಾಕ್ಟರು ರಕ್ತಪರೀಕ್ಷೆ ಮಾಡಿಸಿ, ಸ್ಕ್ಯಾನಿಂಗ್ ನೋಡಿ, ಇದು 'ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್' ಎಂದರು, ಪಿ.ಸಿ.ಓ.ಎಸ್. ಎಂದು ಈಗ ಕಾಲೇಜಿನ ಹುಡುಗಿಯರೆಲ್ಲ ಬಲ್ಲ ಹೆಸರು. ಏಕೆ ಬಂತೆಂದು ಅಕ್ಕ ಕೇಳಿದ್ದಕ್ಕೆ, "ಇದು ವಂಶದಲ್ಲಿ ಹರಿದುಬರುವುದುಂಟು" ಎಂದು ಒಂದು ಮಾತು ಹೇಳಿದರಂತೆ. ಆ ಒಂದು ಮಾತು ಮನೆಯನ್ನು ತಲುಪುವಷ್ಟರಲ್ಲಿ ಮೊಕದ್ದಮೆಯಾಗಿ ಬೆಳೆದಿತ್ತು. "ನಮ್ಮ ವಂಶದಲ್ಲಿ ಇಂಥದು ನಾನು ಕಂಡೇ ಇಲ್ಲ; ಇದು ನಿನ್ನ ತವರಿನ ಕಡೆಯದು" ಎಂದು ಅಕ್ಕನ ಅತ್ತೆಯವರು ತೀರ್ಪು ಕೊಟ್ಟುಬಿಟ್ಟರು. ಹುಡುಗಿಗೆ ಒಂದು ಕಡೆ ಸಂಬಂಧದ ಮಾತು ನಡೆಯುತ್ತಿತ್ತು, ಆ ಕಡೆಯವರ ಕಿವಿಗೂ ಹೇಗೋ ಬಿದ್ದು, ಅವರೂ "ತಾಯಿಯ ಕಡೆ ಯಾರಿಗಾದರೂ ಇತ್ತೇ?" ಎಂದು ವಿಚಾರಿಸಿದರಂತೆ. ಅಂದಿನಿಂದ ಅಕ್ಕನಿಗೆ ನಿದ್ದೆಯಿಲ್ಲ. ನಮ್ಮ ಚಿಕ್ಕಮ್ಮಂದಿರು, ದೊಡ್ಡಮ್ಮಂದಿರು, ಅಜ್ಜಿ, ಎಲ್ಲರನ್ನೂ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ವಿಚಾರಣೆ ನಡೆಸಿದ್ದಾಳೆ.

"ನಮ್ಮಮ್ಮನಿಗೆ ಇತ್ತೇನೋ?" ಎಂದು ಕೊನೆಗೆ ಕೇಳಿದಳು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಉತ್ತರ ಹೇಳಬೇಕಾದವಳು ಇಲ್ಲ.

ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗಿ ಆಗ ಬಾಯಿಬಿಟ್ಟಳು: "ಮಾವ, ನೀವು ಪತ್ರಿಕೆಯಲ್ಲಿ ಬರೆಯುತ್ತೀರಲ್ಲ, ಇದನ್ನೂ ಕೇಳಿ ತಿಳಿದು ಬರೆಯಿರಿ. ನಮ್ಮಜ್ಜಿ ಡಾಕ್ಟರ ಮಾತು ನಂಬುವುದಿಲ್ಲ, ಅಚ್ಚಾದದ್ದನ್ನು ನಂಬುತ್ತಾರೆ. ನನ್ನ ಹೆಸರು ಮಾತ್ರ ಹಾಕಬೇಡಿ." ಅವಳ ಅಪ್ಪಣೆಯಂತೆಯೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರೂ, ನನ್ನ ಹೆಂಡತಿಯ ಗೆಳತಿಯಾದ ಡಾಕ್ಟರೊಬ್ಬರೂ ಎರಡು ವಾರ ನನಗೆ ಪಾಠ ಹೇಳಿದರು. ಓದಲು ಪ್ರಬಂಧಗಳನ್ನೂ ಕೊಟ್ಟರು. ತಪ್ಪಿದ್ದರೆ ಅದು ಶಿಷ್ಯನದು.

ಮೊದಲು ಹೆಸರಿನ ವಿಚಾರ. ನಮ್ಮ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆ. ಅರ್ಥಕ್ಕೆ ತಕ್ಕಂತೆ ಬಂದದ್ದು ಅನ್ವರ್ಥನಾಮ. 'ಪಾಲಿಸಿಸ್ಟಿಕ್' ಎಂದರೆ ಬಹು ಗುಳ್ಳೆಗಳುಳ್ಳದ್ದು. ಇದನ್ನು ಕೇಳಿದವರು ಅನ್ವರ್ಥನಾಮವೆಂದೇ ಬಗೆದು, ಅಂಡಾಶಯದಲ್ಲಿ ಗಂಟುಗಳೆದ್ದಿವೆ, ಕತ್ತರಿಸಿ ತೆಗೆಯಬೇಕಾದೀತೆಂದು ಹೆದರುತ್ತಾರೆ. ವಾಸ್ತವದಲ್ಲಿ ಅವು ಗುಳ್ಳೆಗಳೂ ಅಲ್ಲ, ಗಂಟುಗಳೂ ಅಲ್ಲ. ಪ್ರತಿ ತಿಂಗಳೂ ಹೆಣ್ಣಿನ ಅಂಡಾಶಯದಲ್ಲಿ ಅಂಡವನ್ನು ಹೊತ್ತ ಹಲವು ಪುಟ್ಟ ಚೀಲಗಳು ಬೆಳೆಯತೊಡಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಪಕ್ವವಾಗಿ, ಒಡೆದು, ಅಂಡವನ್ನು ಹೊರಬಿಡುತ್ತದೆ, ಉಳಿದವು ಬಾಡುತ್ತವೆ. ಈ ತೊಂದರೆಯಿರುವವರಲ್ಲಿ ಯಾವುದೂ ಪಕ್ವವಾಗದೆ ಹಲವು ಚೀಲಗಳು ಅರ್ಧದಾರಿಯಲ್ಲಿಯೇ ನಿಂತುಬಿಡುತ್ತವೆ. ಸ್ಕ್ಯಾನಿಂಗಿನಲ್ಲಿ ಅವು ಅಂಡಾಶಯದ ಅಂಚಿನ ಸುತ್ತ ಮುತ್ತಿನ ಸರದಂತೆ ಕಾಣುತ್ತವೆ. ಅಂದರೆ ವರದಿಯಲ್ಲಿ ಕಂಡದ್ದು ಕಾಯಿಲೆಯಲ್ಲ, ಕಾಯಿಲೆಯ ಹೆಜ್ಜೆಗುರುತು. ೨೦೧೨ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆಸಿದ ತಜ್ಞರ ಮಂಡಲಿಯೇ ಈ ಹೆಸರು ಜನರನ್ನು ದಾರಿ ತಪ್ಪಿಸುತ್ತದೆಂದೂ, ಬದಲಾಯಿಸುವುದು ಲೇಸೆಂದೂ ಹೇಳಿತು. 'ಸಿಂಡ್ರೋಮ್' ಎಂಬುದಕ್ಕೆ ಮಾತ್ರ ನಮ್ಮ 'ಲಕ್ಷಣಕೂಟ' ಸರಿಯಾಗಿ ಹೊಂದುತ್ತದೆ. ಒಂದೇ ಗುರುತಿನಿಂದ ಇದನ್ನು ಹೇಳಲಾಗದು. ೨೦೦೩ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ಸೇರಿದ ತಜ್ಞರು ಮೂರು ಲಕ್ಷಣಗಳನ್ನು ಗೊತ್ತುಮಾಡಿದರು: ಅಂಡ ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ಏರುಪೇರಾಗುವುದು, ಪುರುಷ ಹಾರ್ಮೋನುಗಳ ಹೆಚ್ಚಳ, ಅಂಡಾಶಯದ ಆ ಮುತ್ತಿನ ಸರ. ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಈ ಮೂರರಲ್ಲಿ ಎರಡಿದ್ದರೆ ಪಿ.ಸಿ.ಓ.ಎಸ್.

'ಪುರುಷ ಹಾರ್ಮೋನು' ಎಂಬ ಮಾತು ಕೇಳಿ ಅಕ್ಕ ಬೆಚ್ಚಿದಳು. ಬೆಚ್ಚಬೇಕಾದ್ದಿಲ್ಲ. ಟೆಸ್ಟಾಸ್ಟಿರೋನ್ ಮೊದಲಾದ ಆ ರಸಗಳು ಎಲ್ಲ ಹೆಂಗಸರ ದೇಹದಲ್ಲಿಯೂ ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ ತಯಾರಾಗುವುದೇ ಅವುಗಳಿಂದ. ಪ್ರಮಾಣ ಏರಿದಾಗ ಗದ್ದದಲ್ಲಿ ಕೂದಲು, ಮುಖದಲ್ಲಿ ಮೊಡವೆ, ಅಂಡಚೀಲಗಳ ಬೆಳವಣಿಗೆಗೆ ತಡೆ.

ಕಾಯಿಲೆ ಹೊಸದು, ಈಗಿನ ಹುಡುಗಿಯರ ತಿಂಡಿತೀರ್ಥದಿಂದ ಬಂದದ್ದು ಎನ್ನುವವರಿದ್ದಾರೆ. ಇಟಲಿಯ ಅಂತೋನಿಯೋ ವಲ್ಲಿಸ್ನೇರಿ ಎಂಬ ವೈದ್ಯ ೧೭೨೧ರಲ್ಲಿಯೇ, ಮಕ್ಕಳಿಲ್ಲದ ಒಬ್ಬ ಹಳ್ಳಿಯ ಗೃಹಿಣಿಯ ಅಂಡಾಶಯಗಳು ಪಾರಿವಾಳದ ಮೊಟ್ಟೆಗಳಂತೆ ದಪ್ಪವಾಗಿ, ಬೆಳ್ಳಗೆ ಹೊಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇದೊಂದು ಪ್ರತ್ಯೇಕ ತೊಂದರೆಯೆಂದು ಲೋಕಕ್ಕೆ ತೋರಿಸಿಕೊಟ್ಟವರು ಅಮೆರಿಕದ ಷಿಕಾಗೋ ನಗರದ ವೈದ್ಯರಾದ ಇರ್ವಿಂಗ್ ಸ್ಟೈನ್ ಮತ್ತು ಮೈಕೇಲ್ ಲೆವೆಂತಾಲ್. ೧೯೩೫ರಲ್ಲಿ ಅವರು ಏಳು ಮಂದಿ ಹೆಂಗಸರ ವೃತ್ತಾಂತವನ್ನು ಪ್ರಕಟಿಸಿದರು. ಎಲ್ಲರಿಗೂ ಮುಟ್ಟಿನ ತೊಂದರೆ, ಎಲ್ಲರ ಅಂಡಾಶಯವೂ ದಪ್ಪ. ಅಂಡಾಶಯದ ಒಂದು ಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆದ ಮೇಲೆ ಏಳು ಮಂದಿಗೂ ಮುಟ್ಟು ಮರಳಿತು. ಇಬ್ಬರು ಗರ್ಭ ಧರಿಸಿದರು. ಬಹುಕಾಲ ಇದಕ್ಕೆ ಸ್ಟೈನ್–ಲೆವೆಂತಾಲ್ ಲಕ್ಷಣಕೂಟವೆಂದೇ ಹೆಸರಿತ್ತು. ಆ ಶಸ್ತ್ರಕ್ರಿಯೆ ಈಗ ಹಿಂದೆ ಸರಿದಿದೆ.

ಅಂಡಾಶಯದ ಕಾಯಿಲೆಯೆಂದೇ ಎಲ್ಲರೂ ನಂಬಿದ್ದಾಗ, ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಅಮೆರಿಕದ ಆಂಡ್ರಿಯಾ ಡುನೈಫ್ ಮತ್ತು ಸಂಗಡಿಗರು ೧೯೮೯ರಲ್ಲಿ, ಈ ಹೆಂಗಸರ ದೇಹ ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲವೆಂದು ತೋರಿಸಿದರು. ರಕ್ತದ ಸಕ್ಕರೆಯನ್ನು ಅಂಗಾಂಗಗಳ ಒಳಕ್ಕೆ ಕಳಿಸುವ ರಸ ಇನ್ಸುಲಿನ್. ದೇಹ ಕಿವುಡಾದಷ್ಟೂ ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಸುರಿಸುತ್ತದೆ. ಹೀಗೆ ಮಿಗಿಲಾದ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಪುರುಷ ಹಾರ್ಮೋನನ್ನು ಹೆಚ್ಚು ತಯಾರಿಸುವಂತೆ ಮಾಡುತ್ತದೆ. ದಪ್ಪಗಿರುವವರಲ್ಲಿ ಇದು ಹೆಚ್ಚೆಂಬುದು ನಿಜ. ಆದರೆ ತೆಳ್ಳಗಿರುವವರಲ್ಲಿಯೂ ಉಂಟು. ನಮ್ಮ ಹುಡುಗಿಯನ್ನು ನೋಡಿದವರು ದಪ್ಪವೆನ್ನಲಾರರು. "ಬಾಯಿಕಟ್ಟದೆ ಬಂದ ಕಾಯಿಲೆ" ಎಂದು ಹುಡುಗಿಯರನ್ನು ಹೀಯಾಳಿಸುವ ದೊಡ್ಡವರು ಈ ಒಂದು ಮಾತನ್ನು ನೆನಪಿಟ್ಟರೆ ಸಾಕು.

ಈಗ ಅಕ್ಕನ ಪ್ರಶ್ನೆಗೆ ಬರೋಣ.

ವಂಶದ ಸಂಶಯ ಹಳೆಯದು. ೧೯೬೮ರಲ್ಲಿಯೇ ಅಮೆರಿಕದ ವೈದ್ಯರು ರೋಗಿಗಳ ಅಕ್ಕತಂಗಿಯರನ್ನು ಪರೀಕ್ಷಿಸಿ, ಅವರಲ್ಲಿಯೂ ಮುಟ್ಟಿನ ಏರುಪೇರು ಹೆಚ್ಚೆಂದು ಕಂಡು, ಒಂದೇ ಒಂದು ಪ್ರಬಲವಾದ ವಂಶವಾಹಿ, ಅಂದರೆ ಜೀನ್, ಇದಕ್ಕೆ ಕಾರಣವಿರಬಹುದೆಂದು ಊಹಿಸಿದರು. ಮೂವತ್ತು ವರ್ಷಗಳ ಅನಂತರ, ೧೯೯೮ರಲ್ಲಿ, ರಿಚರ್ಡ್ ಲೆಗ್ರೋ, ಡುನೈಫ್ ಮೊದಲಾದವರು ಇದನ್ನೇ ಇನ್ನೂ ಅಚ್ಚುಕಟ್ಟಾಗಿ ಮಾಡಿದರು. ೮೦ ಮಂದಿ ರೋಗಿಗಳ ೧೧೫ ಮಂದಿ ಅಕ್ಕತಂಗಿಯರನ್ನು ಕರೆದು ರಕ್ತವನ್ನು ನೋಡಿದರು. ನೂರಕ್ಕೆ ೨೨ ಮಂದಿಗೆ ಇದೇ ಕಾಯಿಲೆ. ಇದು ನಿರೀಕ್ಷಿತವೇ. ಆದರೆ ನೂರಕ್ಕೆ ಇನ್ನೂ ೨೪ ಮಂದಿಗೆ ಮುಟ್ಟು ತಿಂಗಳು ತಿಂಗಳೂ ಸರಿಯಾಗಿತ್ತು. ರಕ್ತದಲ್ಲಿ ಮಾತ್ರ ಪುರುಷ ಹಾರ್ಮೋನು ಹೆಚ್ಚಾಗಿತ್ತು! ತಮ್ಮಲ್ಲಿ ಏನೋ ಇದೆಯೆಂಬುದೇ ಅವರಲ್ಲಿ ಅನೇಕರಿಗೆ ತಿಳಿದಿರಲಾರದು. "ನಮ್ಮ ವಂಶದಲ್ಲಿ ನಾನು ಕಂಡೇ ಇಲ್ಲ" ಎಂಬ ಸಾಕ್ಷ್ಯದ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕಾಣದ್ದು ಇಲ್ಲದ್ದಲ್ಲ.

ಆದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ಅಕ್ಕತಂಗಿಯರು ಒಂದೇ ಮನೆಯ ಅನ್ನ ಉಂಡವರು. ಸಾಮ್ಯ ರಕ್ತದ್ದೋ ಅನ್ನದ್ದೋ ಹೇಗೆ ಹೇಳುವುದು? ಇದಕ್ಕೆ ಅವಳಿಗಳೇ ಗತಿ. ಒಂದೇ ಅಂಡದಿಂದ ಇಬ್ಭಾಗವಾಗಿ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ವಂಶವಾಹಿಗಳೆಲ್ಲ ಒಂದೇ. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳು, ಹುಟ್ಟಿದ ದಿನ ಒಂದೇ ಎಂಬುದನ್ನು ಬಿಟ್ಟರೆ, ಉಳಿದ ಅಕ್ಕತಂಗಿಯರಂತೆಯೇ. ಇಬ್ಬಗೆಯವರೂ ಒಂದೇ ಮನೆಯಲ್ಲಿ ಬೆಳೆಯುತ್ತಾರೆ. ಹಾಲೆಂಡಿನಲ್ಲಿ ಇಂತಹ ಮೂರು ಸಾವಿರಕ್ಕೂ ಹೆಚ್ಚು ಅವಳಿಗಳನ್ನೂ ಅವರ ಸೋದರಿಯರನ್ನೂ ವಿಚಾರಿಸಿ ೨೦೦೬ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರ್ತಿ ಹೊಂದಿಕೆಗೆ ೧ ಎಂದಿಟ್ಟುಕೊಂಡರೆ, ತದ್ರೂಪಿಗಳಲ್ಲಿ ಹೊಂದಿಕೆ ೦.೭೧, ಮಿಕ್ಕವರಲ್ಲಿ ೦.೩೮. ಹೆಚ್ಚು ಕಡಿಮೆ ಅರ್ಧ. ರಕ್ತಸಂಬಂಧ ಅರ್ಧವಾದಾಗ ಹೊಂದಿಕೆಯೂ ಅರ್ಧವಾಯಿತು. ಆದ್ದರಿಂದ ಒಬ್ಬರಿಗೊಬ್ಬರಿಗೆ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು ೭೦ ಪಾಲು ವಂಶವಾಹಿಗಳದೆಂದು ಲೆಕ್ಕ ಸಿಕ್ಕಿತು. ಇದನ್ನು ಹೇಳಿದೊಡನೆ ಅಕ್ಕ, "ಹಾಗಾದರೆ ಇವಳ ಕಾಯಿಲೆಯಲ್ಲಿ ಮುಕ್ಕಾಲು ನನ್ನಿಂದ, ಕಾಲು ಇವಳು ತಿನ್ನುವ ಬೇಕರಿಯಿಂದ" ಎಂದು ಹಂಚಿಕೆ ಮಾಡಿದಳು. ಹಾಗಲ್ಲ. ಅದು ಒಂದು ಜನಸಮುದಾಯದ ಲೆಕ್ಕ. ಒಬ್ಬಳ ಮೈಯನ್ನು ಹಾಗೆ ಪಾಲುಮಾಡಲು ಬಾರದು. ಅಲ್ಲದೆ ಆ ೭೦ ಪಾಲು ತಾಯಿಯದೆಂದು ಹೇಳಿದವರಾರು?

ವಂಶವಾಹಿಗಳೇ ಕಾರಣವೆಂದಾದ ಮೇಲೆ ಅವು ಯಾವುವು? ಇಲ್ಲಿ ನನಗೆ ನನ್ನ ಕಸುಬು ನೆರವಿಗೆ ಬಂತು. ಹಳೆಯ ಕಾವ್ಯವೊಂದನ್ನು ಸಂಪಾದಿಸುವವನು ಓಲೆಗರಿಯ ಪ್ರತಿಗಳನ್ನೆಲ್ಲ ಎದುರಿಗೆ ಹರಡಿಕೊಂಡು ಅಕ್ಷರ ಅಕ್ಷರವಾಗಿ ಹೋಲಿಸುತ್ತಾನೆ. ಒಂದು ಪ್ರತಿಯಲ್ಲಿ 'ಕ' ಇದ್ದಲ್ಲಿ ಇನ್ನೊಂದರಲ್ಲಿ 'ತ' ಇರುತ್ತದೆ, ಅದು ಪಾಠಾಂತರ. ಬಹಳ ಪಾಠಾಂತರಗಳಿಂದ ಅರ್ಥ ಕೆಡುವುದಿಲ್ಲ. ಕೆಲವು ಮಾತ್ರ ಪದ್ಯದ ಧಾಟಿಯನ್ನು ತುಸು ತಿರುಗಿಸುತ್ತವೆ. ಮನುಷ್ಯನ ದೇಹದ ಕಣಕಣದಲ್ಲಿಯೂ ನಾಲ್ಕೇ ಅಕ್ಷರಗಳಲ್ಲಿ ಬರೆದ, ಸುಮಾರು ೩೦೦ ಕೋಟಿ ಅಕ್ಷರಗಳ ಒಂದು ಗ್ರಂಥವಿದೆ. ಅದೂ ಒಂದಲ್ಲ, ಎರಡು ಪ್ರತಿ: ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಕಾಯಿಲೆಯಿರುವ ಸಾವಿರಾರು ಮಂದಿಯ ಗ್ರಂಥವನ್ನು ಇಲ್ಲದ ಸಾವಿರಾರು ಮಂದಿಯ ಗ್ರಂಥದೊಡನೆ ಹೋಲಿಸಿ, ಯಾವ ಪಾಠಾಂತರ ರೋಗಿಗಳಲ್ಲಿ ಹೆಚ್ಚಾಗಿ ಕಾಣುತ್ತದೆಂದು ಹುಡುಕುವುದು ಈಗಿನ ವಿಧಾನ.

ಈ ಕೆಲಸ ಮೊದಲು ಕೈಗೂಡಿದ್ದು ಚೀನಾ ದೇಶದಲ್ಲಿ. ಷಾಂಡಾಂಗ್ ಪ್ರಾಂತದ ಚೆನ್ ಝಿಜಿಯಾಂಗ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ೭೪೪ ಮಂದಿ ರೋಗಿಗಳನ್ನೂ ೮೯೫ ಮಂದಿ ಆರೋಗ್ಯವಂತರನ್ನೂ ಹೋಲಿಸಿ, ಸಿಕ್ಕಿದ್ದನ್ನು ಇನ್ನೂ ಸಾವಿರಾರು ಮಂದಿಯಲ್ಲಿ ಪರಿಶೀಲಿಸಿ, ೨೦೧೧ರಲ್ಲಿ ಮೂರು ಸ್ಥಾನಗಳನ್ನು ತೋರಿಸಿದರು. ಎರಡು ಎರಡನೆಯ ವರ್ಣತಂತುವಿನಲ್ಲಿ, ಒಂದು ಒಂಬತ್ತನೆಯದರಲ್ಲಿ. ಮರುವರ್ಷ ಸಂಖ್ಯೆ ಹನ್ನೊಂದಕ್ಕೇರಿತು. ೨೦೧೮ರಲ್ಲಿ ಯೂರೋಪು ಮೂಲದ ಹತ್ತು ಸಾವಿರಕ್ಕೂ ಮಿಕ್ಕ ರೋಗಿಗಳನ್ನು ಒಂದು ಲಕ್ಷಕ್ಕೂ ಮಿಕ್ಕ ಇತರರೊಡನೆ ಹೋಲಿಸಿದಾಗ ಹದಿನಾಲ್ಕು ಸ್ಥಾನಗಳು ಕಂಡವು. ಅವುಗಳಲ್ಲಿ ಕೆಲವು ಚೀನಾದಲ್ಲಿ ಕಂಡವೇ. ಚೀನಾದ ಹೆಂಗಸಿಗೂ ಯೂರೋಪಿನ ಹೆಂಗಸಿಗೂ ಊಟವೊಂದಲ್ಲ, ಹವೆಯೊಂದಲ್ಲ. ಪಾಠಾಂತರ ಮಾತ್ರ ಒಂದೇ. ಜನಾಂಗಗಳು ಕವಲೊಡೆಯುವ ಮೊದಲೇ ಇವು ಗ್ರಂಥದಲ್ಲಿ ಸೇರಿದ್ದಿರಬೇಕೆಂದು ಊಹಿಸುವವರಿದ್ದಾರೆ.

ಸಿಕ್ಕ ಸ್ಥಾನಗಳ ಹತ್ತಿರವಿರುವ ವಂಶವಾಹಿಗಳ ಹೆಸರನ್ನು ಓದಲು ಹೋದರೆ ನಾಲಗೆ ಹೊರಳದು. ಒಂದು, ಪಿಟ್ಯುಯಿಟರಿ ಗ್ರಂಥಿಯಿಂದ ಬರುವ ಎಲ್.ಎಚ್. ಎಂಬ ಹಾರ್ಮೋನಿಗೆ ಅಂಡಾಶಯದಲ್ಲಿ ಬಾಗಿಲು ತೆರೆಯುವಂಥದು. ಇನ್ನೊಂದು ಇನ್ಸುಲಿನ್ನಿಗೆ ಬಾಗಿಲು. ಮತ್ತೊಂದನ್ನು ಮಧುಮೇಹದ ಸಂಶೋಧಕರು ಮೊದಲೇ ಗುರುತಿಸಿದ್ದರು. ಒಂಬತ್ತನೆಯ ವರ್ಣತಂತುವಿನಲ್ಲಿರುವ 'ಡೆನ್‌ಡಿ ೧ ಎ' ಎಂಬುದರ ಕಥೆ ಸ್ವಾರಸ್ಯವಾಗಿದೆ. ಅದು ಅಂಡಾಶಯದಲ್ಲಿ ಏನು ಮಾಡುತ್ತದೆಂಬುದು ಮೊದಲು ಯಾರಿಗೂ ಹೊಳೆದಿರಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜ್ಯಾನ್ ಮ್ಯಾಕಲಿಸ್ಟರ್ ಮತ್ತು ಸಂಗಡಿಗರು ಅಂಡಚೀಲದ ಹೊರಗೋಡೆಯ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದರು. ರೋಗಿಗಳ ಕೋಶಗಳಲ್ಲಿ ಈ ವಂಶವಾಹಿಯ ಒಂದು ರೂಪ ಹೆಚ್ಚಾಗಿತ್ತು. ಆರೋಗ್ಯವಂತ ಕೋಶಗಳಲ್ಲಿ ಅದನ್ನು ಹೆಚ್ಚಿಸಿದೊಡನೆ ಅವೂ ರೋಗಿಗಳ ಕೋಶಗಳಂತೆ ಪುರುಷ ಹಾರ್ಮೋನನ್ನು ಹೆಚ್ಚು ತಯಾರಿಸತೊಡಗಿದವು. ರೋಗಿಗಳ ಕೋಶಗಳಲ್ಲಿ ಅದನ್ನು ಅಡಗಿಸಿದಾಗ ತಯಾರಿಕೆ ಇಳಿಯಿತು. ಇದು ೨೦೧೪ರ ಮಾತು. ಅಕ್ಷರದ ವ್ಯತ್ಯಾಸ ಎಂಬುದು ಬರಿಯ ಲೆಕ್ಕವಾಗಿ ಉಳಿಯದೆ ಕೆಲಸವಾಗಿ ಕಣ್ಣಿಗೆ ಬಿದ್ದದ್ದು ಇಲ್ಲಿ.

ಹಾಗೆಂದು ರಕ್ತಪರೀಕ್ಷೆಯಿಂದ ವಂಶವಾಹಿ ನೋಡಿ "ನಿನಗೆ ಬರುತ್ತದೆ, ನಿನಗಿಲ್ಲ" ಎಂದು ಹೇಳುವಂತಿಲ್ಲ. ಸಿಕ್ಕಿದ ಪಾಠಾಂತರಗಳನ್ನೆಲ್ಲ ಒಟ್ಟುಮಾಡಿದರೂ ವಂಶದ ಪಾಲಿನಲ್ಲಿ ಹತ್ತನೆಯ ಒಂದರಷ್ಟನ್ನೂ ಅವು ವಿವರಿಸಲಾರವು. ೧೯೬೮ರವರು ಊಹಿಸಿದ ಒಂದು ಪ್ರಬಲ ವಂಶವಾಹಿ ಎಲ್ಲಿಯೂ ಸಿಗಲಿಲ್ಲ. ಇರುವುದು ಹತ್ತಾರು, ಬಹುಶಃ ನೂರಾರು, ಚಿಕ್ಕ ಚಿಕ್ಕ ತೂಕದ ಕಲ್ಲುಗಳು. ತಕ್ಕಡಿ ಒಂದು ಕಡೆ ವಾಲುವುದಕ್ಕೆ ಹಲವು ಸೇರಬೇಕು. ಅವುಗಳಲ್ಲಿ ಒಂದೆರಡು ಯಾರ ಮನೆಯಲ್ಲಿಲ್ಲ? ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯವರು ದೇಶದ ನಾನಾ ಭಾಗಗಳ ಸುಮಾರು ಹತ್ತು ಸಾವಿರ ಮಹಿಳೆಯರನ್ನು ಪರೀಕ್ಷಿಸಿದ ಅಧ್ಯಯನವೊಂದು ೨೦೨೪ರಲ್ಲಿ ಪ್ರಕಟವಾಗಿದೆ. ಹಳೆಯ ಕಟ್ಟುನಿಟ್ಟಿನ ಲಕ್ಷಣಗಳಿಂದ ಅಳೆದರೆ ನೂರಕ್ಕೆ ಸುಮಾರು ೭ ಮಂದಿಗೆ, ರಾಟರ್‌ಡ್ಯಾಮಿನ ಲಕ್ಷಣಗಳಿಂದ ಅಳೆದರೆ ನೂರಕ್ಕೆ ಸುಮಾರು ೨೦ ಮಂದಿಗೆ ಇದು ಉಂಟು. ಐದು ಮನೆಯ ಹುಡುಗಿಯರಲ್ಲಿ ಒಬ್ಬಳು! ಸಂಬಂಧ ಹುಡುಕುವವರು ಇದನ್ನೊಂದು ಕಳಂಕವೆಂದು ತಿಳಿದು ಬೀದಿ ಬೀದಿ ಅಲೆದರೂ ಕಳಂಕವಿಲ್ಲದ ಮನೆ ಸಿಗುವುದು ಕಷ್ಟ.

ಇನ್ನು ತಂದೆಯ ವಿಚಾರ. ಇಲ್ಲಿಯವರೆಗೆ ಹೇಳಿದ ಸ್ಥಾನಗಳು ಇರುವುದು ಎರಡನೆಯ, ಒಂಬತ್ತನೆಯ ಮೊದಲಾದ ವರ್ಣತಂತುಗಳಲ್ಲಿ. ಇವು ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಲ್ಲಿಯೂ ಜೋಡಿಜೋಡಿಯಾಗಿ ಇರುವಂಥವು. ಮಗಳಿಗೆ ಒಂದೊಂದು ಜೋಡಿಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ. ತಂದೆಗೆ ಅಂಡಾಶಯವಿಲ್ಲ, ಮುಟ್ಟಿಲ್ಲ. ಆದ್ದರಿಂದ ಅವನು ಹೊತ್ತದ್ದು ಕಣ್ಣಿಗೆ ಕಾಣುವುದಿಲ್ಲ. ಕಾಣದವನ ಮೇಲೆ ದೂರಿಲ್ಲ, ಕಾಣುವವಳ ಮೇಲೆ ದೂರು. ನಮ್ಮ ಸಂಸಾರಗಳ ನ್ಯಾಯಶಾಸ್ತ್ರವೇ ಇದು. ಪೂರ್ತಿ ಕಾಣದೆಯೂ ಇಲ್ಲವೆನ್ನಿ. ರೋಗಿಗಳ ಸಹೋದರರ ರಕ್ತವನ್ನು ಲೆಗ್ರೋ ಮತ್ತು ಸಂಗಡಿಗರು ನೋಡಿ, ಅವರಲ್ಲಿಯೂ ಒಂದು ಬಗೆಯ ಪುರುಷ ಹಾರ್ಮೋನು ಮಿಗಿಲಾಗಿದೆಯೆಂದು ೨೦೦೨ರಲ್ಲಿ ವರದಿಮಾಡಿದರು. ೨೦೧೮ರ ದೊಡ್ಡ ಅಧ್ಯಯನದಲ್ಲಿ, ಹೆಂಗಸರ ಈ ಕಾಯಿಲೆಯ ಪಾಠಾಂತರಗಳಿಗೂ ಗಂಡಸರ ಬೊಕ್ಕತಲೆಯ ಪಾಠಾಂತರಗಳಿಗೂ ನಂಟಿರುವುದು ಕಂಡಿತು. ೨೦೨೧ರಲ್ಲಿ ಬ್ರಿಟನ್ನಿನ ಲಕ್ಷಕ್ಕೂ ಮಿಕ್ಕ ಗಂಡಸರ ದಾಖಲೆಗಳನ್ನು ನೋಡಿದವರು, ಇಂತಹ ಪಾಠಾಂತರಗಳನ್ನು ಹೆಚ್ಚಾಗಿ ಹೊತ್ತವರಲ್ಲಿ ಸ್ಥೂಲಕಾಯ, ಮಧುಮೇಹ, ಹೃದ್ರೋಗಗಳೂ ಹೆಚ್ಚೆಂದು ಕಂಡರು. ಅಂಡಾಶಯವೇ ಇಲ್ಲದವರಲ್ಲಿ! ಅಂದಮೇಲೆ ಇದರ ಬೇರು ಅಂಡಾಶಯಕ್ಕಿಂತ ಆಳದಲ್ಲಿದೆ. (ನಮ್ಮ ಭಾವನವರಿಗೆ ಮೂವತ್ತು ತುಂಬುವ ಮೊದಲೇ ತಲೆ ಬೋಳಾಗಿತ್ತು. ಒಬ್ಬರ ಬೊಕ್ಕತಲೆಯಿಂದ ಏನನ್ನೂ ಸಿದ್ಧಮಾಡಲಾಗದೆಂದು ಅಧ್ಯಾಪಕ ಮಿತ್ರರು ಎಚ್ಚರಿಸಿದರೂ, ಅಕ್ಕನಿಗೆ ಇದರಿಂದಾದ ಸಮಾಧಾನವನ್ನು ನಾನು ಕಸಿದುಕೊಳ್ಳಲಿಲ್ಲ.)

ಪಾಠವೆಲ್ಲ ಮುಗಿದು, ಅಕ್ಕ ಅಡುಗೆಮನೆಗೆ ಹೋದಾಗ, ಹುಡುಗಿ ಮೆಲ್ಲಗೆ ಕೇಳಿದಳು: "ಮಾವ, ನನಗೆ ಮಕ್ಕಳಾಗುತ್ತವೆಯೇ?" ತಾಯಿಯ ಪ್ರಶ್ನೆ ಹಿಂದಕ್ಕೆ ನೋಡುತ್ತಿದ್ದರೆ ಇವಳದು ಮುಂದಕ್ಕೆ. ಈ ಪ್ರಶ್ನೆಗೆ ಉತ್ತರವನ್ನು ಡಾಕ್ಟರ ಬಾಯಿಂದಲೇ ಕೇಳಿಸಿದೆ. ಈ ಕಾಯಿಲೆಯುಳ್ಳ ಬಹುಪಾಲು ಹೆಂಗಸರು ತಾಯಂದಿರಾಗುತ್ತಾರೆ. ಕೆಲವರಿಗೆ ತಡವಾಗುತ್ತದೆ, ಕೆಲವರಿಗೆ ಔಷಧಿಯ ನೆರವು ಬೇಕಾಗುತ್ತದೆ. ೨೦೧೪ರಲ್ಲಿ ಅಮೆರಿಕದಲ್ಲಿ ೭೫೦ ಮಂದಿಯ ಮೇಲೆ ಎರಡು ಔಷಧಿಗಳನ್ನು ತೂಗಿ ನೋಡಿದಾಗ, ಹಿಂದಿನಿಂದ ಕೊಡುತ್ತಿದ್ದ ಕ್ಲೋಮಿಫೀನ್ ಪಡೆದವರಲ್ಲಿ ನೂರಕ್ಕೆ ೧೯ ಮಂದಿಗೆ, ಲೆಟ್ರೋಜೋಲ್ ಪಡೆದವರಲ್ಲಿ ೨೭ಕ್ಕೂ ಹೆಚ್ಚು ಮಂದಿಗೆ ಮಗುವಾಯಿತು. ಅದೂ ಐದು ತಿಂಗಳ ಚಿಕಿತ್ಸೆಯಲ್ಲಿ. ಮೈ ತೂಕ ಹೆಚ್ಚಿದ್ದವರು ನೂರಕ್ಕೆ ಐದು ಪಾಲು ಇಳಿಸಿದರೂ ಮುಟ್ಟು ಸರಿಹೋಗುವುದುಂಟು. ವಂಶವಾಹಿಯ ಅಕ್ಷರ ತಿದ್ದಲಾಗದು. ಅದನ್ನು ಓದುವ ರೀತಿಯನ್ನು ಊಟ, ನಡಿಗೆ, ನಿದ್ದೆ, ಔಷಧಿಗಳು ಬಹುಮಟ್ಟಿಗೆ ತಿದ್ದಬಲ್ಲವು.

"ಮಗಳು ಹುಟ್ಟಿದರೆ ಅವಳಿಗೂ ಬರುತ್ತದೆಯೇ?" ಎಂಬುದು ಎರಡನೆಯ ಪ್ರಶ್ನೆ. ಸ್ವೀಡನ್ ದೇಶದ ಆರೋಗ್ಯ ದಾಖಲೆಗಳನ್ನು ಆಧರಿಸಿ ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಂತೆ, ಈ ಕಾಯಿಲೆಯುಳ್ಳ ತಾಯಂದಿರ ಹೆಣ್ಣುಮಕ್ಕಳಿಗೆ ಇದು ಬರುವ ಸಂಭವ ಇತರರಿಗಿಂತ ಐದು ಪಟ್ಟು. ಇದರಲ್ಲಿ ವಂಶವಾಹಿಯ ಪಾಲೆಷ್ಟು, ಗರ್ಭದಲ್ಲಿರುವಾಗ ಶಿಶುವಿಗೆ ತಾಗಿದ ಹಾರ್ಮೋನುಗಳ ಪಾಲೆಷ್ಟು ಎಂಬ ಚರ್ಚೆ ನಡೆದೇ ಇದೆ. ವಿಸ್ಕಾನ್ಸಿನ್ನಿನಲ್ಲಿ ಬಸುರಿ ಕೋತಿಗಳಿಗೆ ಟೆಸ್ಟಾಸ್ಟಿರೋನ್ ಕೊಟ್ಟಾಗ ಅವುಗಳ ಹೆಣ್ಣು ಮರಿಗಳು ಬೆಳೆದ ಮೇಲೆ ಇಂತಹವೇ ಲಕ್ಷಣಗಳನ್ನು ತೋರಿದವು. ಹುಡುಗಿಗೆ ಇದನ್ನೆಲ್ಲ ಮುಚ್ಚಿಡದೆ ಹೇಳಿದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಿದ್ದರೆ ಅವಳಿಗೆ ಹದಿನೈದು ವರ್ಷಕ್ಕೇ ಗೊತ್ತಿರುತ್ತದೆ. ನನಗೆ ಇಪ್ಪತ್ತಮೂರಕ್ಕೆ ಗೊತ್ತಾಯಿತು" ಎಂದಳು.

ಮನೆತನದ ಚರಿತ್ರೆ ಕೇಳುವುದರಲ್ಲಿ ತಪ್ಪಿಲ್ಲ. ಡಾಕ್ಟರೂ ಅದನ್ನೇ ಕೇಳುತ್ತಾರೆ. ಒಬ್ಬಳಲ್ಲಿ ಕಂಡಾಗ ಅಕ್ಕತಂಗಿಯರ ಮುಟ್ಟನ್ನೂ, ತಂದೆತಾಯಿ ಅಣ್ಣತಮ್ಮಂದಿರ ರಕ್ತದ ಸಕ್ಕರೆಯನ್ನೂ ನೋಡಿಸುವುದು ಮೇಲು. ಈ ಕಾಯಿಲೆಯವರಿಗೆ ಮಧುಮೇಹದ ಅಪಾಯ ಹೆಚ್ಚು. ತಿಂಗಳುಗಟ್ಟಲೆ ಮುಟ್ಟು ನಿಂತೇ ಇದ್ದರೆ ಗರ್ಭಕೋಶದ ಒಳಪದರಕ್ಕೆ ಕ್ಯಾನ್ಸರ್ ತಗಲುವ ಭಯವೂ ಉಂಟು. ಆದ್ದರಿಂದ "ಮದುವೆಯಾದರೆ ಸರಿಹೋಗುತ್ತದೆ" ಎಂದು ವರದಿಯನ್ನು ಬೀರುವಿನಲ್ಲಿ ಮುಚ್ಚಿಡುವುದು ಸಲ್ಲದು. ಪ್ರಪಂಚದಲ್ಲಿ ಈ ತೊಂದರೆಯಿರುವವರಲ್ಲಿ ನೂರಕ್ಕೆ ೭೦ ಮಂದಿಗೆ ತಮಗಿದೆಯೆಂಬುದೇ ತಿಳಿಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ಲೇಖನವನ್ನು ಅರ್ಧ ಬರೆದಿದ್ದ ಹೊತ್ತಿಗೆ ಅಕ್ಕ ಫೋನು ಮಾಡಿದಳು. ನಾನು ಹೇಳಿದ್ದನ್ನೆಲ್ಲ ಅವಳು ತನ್ನ ಅತ್ತೆಯವರ ಮುಂದೆ ಒಪ್ಪಿಸಿದಳಂತೆ. ಅವರು ಮೊದಲು ಜಗ್ಗಲಿಲ್ಲ. ಗದ್ದದ ಕೂದಲಿನ ಮಾತು ಬಂದಾಗ ಮಾತ್ರ ಕೈಯಲ್ಲಿದ್ದ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರಂತೆ. ಬಹಳ ಹೊತ್ತಿನ ಮೇಲೆ ಅವರು ಹೇಳಿದ್ದು ತಮ್ಮ ತಂಗಿಯ ಕಥೆ. ಆಕೆ ದಿನವೂ ಎಲ್ಲರಿಗಿಂತ ಮೊದಲೆದ್ದು, ಹಿತ್ತಲಲ್ಲಿ ಕೈಗನ್ನಡಿ ಹಿಡಿದು ಗದ್ದದ ಕೂದಲನ್ನು ಕೀಳುತ್ತಿದ್ದಳಂತೆ. ಹದಿನೇಳಕ್ಕೆ ಮದುವೆ, ಮಕ್ಕಳಾಗಲಿಲ್ಲ, ಆರು ವರ್ಷದ ಮೇಲೆ ಗಂಡ ಇನ್ನೊಂದು ಮದುವೆಯಾದ. ತವರಿಗೆ ಬಂದವಳು ಕೊನೆಯವರೆಗೂ ಹಿತ್ತಲ ಕೋಣೆಯಲ್ಲಿಯೇ ಇದ್ದು ಸಕ್ಕರೆ ಕಾಯಿಲೆಯಿಂದ ತೀರಿಕೊಂಡಳು. ಅದು ಇದೇ ಕಾಯಿಲೆಯೆಂದು ಈಗ ಯಾರೂ ಸಿದ್ಧಮಾಡಲಾರರು. "ನಾನೂ ಅವಳನ್ನು ಪಾಪದ ಹೆಂಗಸು ಅಂತಲೇ ತಿಳಿದಿದ್ದೆ ಕಣೆ" ಎಂದು ಮುದುಕಿ ಅಕ್ಕನೊಡನೆ ಹೇಳಿದರಂತೆ. ಸೊಸೆಯ ತವರಿನ ಮಾತನ್ನು ಮತ್ತೆ ಎತ್ತಲಿಲ್ಲ.

ಬರುವ ಬುಧವಾರ ಹುಡುಗಿ ಡಾಕ್ಟರ ಬಳಿಗೆ ಹೋಗಬೇಕಾಗಿದೆ. ತಂಗಿಯ ವಿಷಯವನ್ನು ತಾನೇ ಬಾಯಾರೆ ಹೇಳಬೇಕು, ಬೇರೆಯವರು ಹೇಳಿದರೆ ಸರಿಯಾಗದು ಎಂದು ಅಜ್ಜಿಯೂ ಹೊರಟು, ಅದಕ್ಕೆಂದು ಒಂದು ಸೀರೆಯನ್ನು ಈಗಾಗಲೇ ತೆಗೆದಿಟ್ಟಿದ್ದಾರೆ.